ಮೂರು ಕೂಗಿನ ರುದ್ರಾಣಿ

ರುದ್ರಾಣಿಯವರ ಮುತ್ತಜ್ಜ ಶಿವಲಿಂಗಯ್ಯ, ಪ್ಲೇಗು ಬಂದು ಪೇಟೆಗೆ ಪೇಟೆಯೇ ಖಾಲಿಯಾದಾಗಲೂ ಜೋಳಿಗೆ ಹೊತ್ತು ಮನೆಮನೆ ತಿರುಗಿದ ಜಂಗಮರು. ಮೂರು ಸಲ ಕೂಗದೆ ಯಾವ ಬಾಗಿಲನ್ನೂ ದಾಟಿದವರಲ್ಲ. ಎಲ್ಲರೂ ಬಿಟ್ಟುಹೋದರೆಂದುಕೊಂಡಿದ್ದ ಮನೆಯೊಂದರಿಂದ ಮೂರನೆಯ ಕೂಗಿಗೆ ಮಗುವಿನ ಕ್ಷೀಣ ದನಿ ಕೇಳಿ, ಕದ ಒಡೆದು ಎತ್ತಿಕೊಂಡು ಬಂದರು. ರುದ್ರಾಣಿಯವರ ತಂದೆ ವೀರಭದ್ರಯ್ಯ ಟೆಲಿಫೋನ್ ಲೈನ್‌ಮನ್. ಮನೆಯ ಮುಂದೆ ನಿಂತು ಕೂಗಿ ವಿಚಾರಿಸದೆ ಯಾವ ಫೋನನ್ನೂ ‘ಡೆಡ್’ ಎಂದವರಲ್ಲ. ಆ ವಂಶದ ಗಂಟಲು ರುದ್ರಾಣಿಯವರಿಗೂ ಬಂತು. ಕೂಗಲು ಬೀದಿಯ ಬದಲು ಇಂಟರ್ನೆಟ್ಟು ಸಿಕ್ಕಿತು, ಅಷ್ಟೇ.

ಬೇಸಿಗೆಯಲ್ಲೂ ಬಿಚ್ಚದ ಕಂದು ಸ್ವೆಟರು, ಕಂಕುಳಲ್ಲಿ ಅವುಚಿದ ಚೀಲ, ಬಸ್ಸು ಹೊರಟೇಬಿಟ್ಟಿತೆಂಬಂಥ ನಡಿಗೆ, ಮಾತಿನ ತುದಿಗೊಂದು ‘ಗೊತ್ತಾಯ್ತಾ?’. ಚಾಮರಾಜಪೇಟೆಯಲ್ಲಿ ಅವರನ್ನು ಬೆನ್ನು ನೋಡಿಯೇ ಗುರುತು ಹಿಡಿಯಬಹುದಿತ್ತು. ಬ್ಯಾಂಕಿನ ಕೆಲಸ ಬಿಟ್ಟ ಮೇಲೆ, ಯಾರ ಬಳಿಯೂ ಹೇಳಿಸಿಕೊಳ್ಳದೆ ಕಂಪ್ಯೂಟರು ಕಲಿತು ಒಂದು ಪ್ರೋಗ್ರಾಂ ಬರೆದರು. ಅದಕ್ಕೆ ‘ಕದ’ ಎಂದು ಹೆಸರಿಟ್ಟರು. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ, ಮೌಸಿಗೆ ಕೆಲಸವೇ ಇಲ್ಲ. ಕಪ್ಪು ಪರದೆಯ ಮೇಲೆ ‘ಕದ’ ಎಂದು ಬರೆದು ಮುಂದೆ ಕಡತದ ಹೆಸರು ಕೊಟ್ಟರೆ, ಅದರೊಳಗಿನ ವೆಬ್ ವಿಳಾಸಗಳನ್ನೆಲ್ಲ ಹೆಕ್ಕಿ, ಒಂದೊಂದರ ಬಾಗಿಲನ್ನೂ ತಟ್ಟಿ, ಓಗೊಡದವನ್ನು ತೋರಿಸುತ್ತಿತ್ತು. ಆದರೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಕೂಗದೆ ಯಾವ ವಿಳಾಸವನ್ನೂ ಸತ್ತಿತೆನ್ನುತ್ತಿರಲಿಲ್ಲ.

೨೦೦೪ರಲ್ಲಿ ಬಸವನಗುಡಿಯ ಸಂಗೀತ ಸಂಘವೊಂದು ತನ್ನ ವೆಬ್‌ಸೈಟನ್ನು ಹೊಸದು ಮಾಡಿಸಿತು. ಅದರ ಕೊಂಡಿಗಳನ್ನು, ಅಂದರೆ ಲಿಂಕುಗಳನ್ನು, ಪರೀಕ್ಷಿಸಲು ರುದ್ರಾಣಿಯವರನ್ನು ಕರೆಸಿತು. ಸಂಜೆಗೆ ಸಮಾರಂಭ. ಮುರಿದ ಕೊಂಡಿಗಳನ್ನು ಕಿತ್ತೆಸೆಯಲು ಕಾರ್ಯದರ್ಶಿ ಮಧುಸೂದನ್ ತುದಿಗಾಲಲ್ಲಿ ನಿಂತಿದ್ದರು. ಮಧ್ಯಾಹ್ನವಾದರೂ ಒಂದು ವಿಳಾಸ ಓಗೊಡಲಿಲ್ಲ: ವೈಯಾಲಿಕಾವಲಿನ ಭಾಗೀರಥಮ್ಮ ತಾವೇ ಹಾಡಿ, ಮನೆಯ ಕಂಪ್ಯೂಟರಿನಲ್ಲೇ ಇಟ್ಟಿದ್ದ ಜೋಗುಳಗಳ ಪುಟ. ಅಲ್ಲಿಗೆ ಹೋಗಲು ಲೋಕಕ್ಕಿದ್ದ ದಾರಿ ಸಂಘದ ಈ ಕೊಂಡಿಯೊಂದೇ.

“ಎರಡ್ ಸಲ ಕರೆದಾಯ್ತಲ್ಲ ಮೇಡಂ, ಕಿತ್ತಾಕ್ಬಿಡೋಣ. ಆಯಮ್ಮ ಇದಾರೋ ಇಲ್ವೋ.”

“ಅದನ್ನ ಹೇಳೋಕೆ ನೀವ್ಯಾರ್ರೀ, ಯಮನ ಗುಮಾಸ್ತರಾ? ಮೂರನೇ ಕೂಗು ಬಾಕಿ ಇದೆ, ಗೊತ್ತಾಯ್ತಾ?”

“ಅತಿಥಿಗಳ ಮುಂದೆ ಪುಟ ತೆರ್ಕೊಳ್ದಿದ್ರೆ ನನ್ ಮಾನ ಹೋಗತ್ತೆ!”

“ನಿಮ್ ಮಾನ ನಾಳೆ ವಾಪಸ್ ಬರತ್ತೆ. ಲಿಂಕ್ ಕಿತ್ರೆ ಆ ಜೋಗುಳ ಯಾರಿಗೂ ಸಿಗಲ್ಲ.”

ಅತಿಥಿಗಳು ಬಂದು ಕುಳಿತರು, ದೀಪ ಬೆಳಗಿದರು. ಮಧುಸೂದನ್ ಕೈಗಡಿಯಾರ ನೋಡುತ್ತಲೇ ಇದ್ದರು. ರುದ್ರಾಣಿ ಮಾತ್ರ ಸ್ವೆಟರಿನ ತೋಳು ಮೇಲೇರಿಸಿ ಮೂರನೆಯ ಸಲ ‘ಕದ’ ತಟ್ಟಿದರು. ಪರದೆ ಈ ಸಲ ಯಾರನ್ನೂ ದೂರಲಿಲ್ಲ. ಪುಟ ತೆರೆದರೆ, ಸ್ಪೀಕರಿನಿಂದ ತೆಳ್ಳನೆಯ ಮುದಿ ಕಂಠವೊಂದು ಸಭೆಯನ್ನೇ ತೊಟ್ಟಿಲು ಮಾಡಿಕೊಂಡು ತೂಗತೊಡಗಿತು. ಫೋನು ಮಾಡಿ ಕೇಳಿದ್ದಕ್ಕೆ ಭಾಗೀರಥಮ್ಮ ನಕ್ಕರು: “ಸಂಜೆ ದೇವರಿಗೆ ದೀಪ ಹಚ್ಚಿದ್ಮೇಲೇ ಕಣಮ್ಮ ನಾನು ಕಂಪ್ಯೂಟರ್ ಹಚ್ಚೋದು!”

ಬದುಕಿರುವವರ ಬಾಗಿಲಿಗೂ ಬೀಗ ಜಡಿದು ಮುಂದೆ ಸಾಗುವ ಆತುರ ಲೋಕಕ್ಕೆ ಯಾವತ್ತೂ ಇದ್ದದ್ದೇ. ಇನ್ನೊಂದು ಸಲ ಕೂಗಿ ನೋಡೋಣವೆಂದು ಹೊಸ್ತಿಲಲ್ಲಿ ನಿಲ್ಲುವ ಜನ ಹಠಮಾರಿಗಳೆನಿಸಿಕೊಳ್ಳುತ್ತಾರೆ, ಸಭೆಗೆ ತಡಮಾಡಿಸುತ್ತಾರೆ. ಊರಿನ ದನಿ ಉಳಿಯುವುದು ಮಾತ್ರ ಅಂಥವರಿಂದಲೇ.

ಸಭೆ ಮುಗಿದ ಮೇಲೆ ಮಧುಸೂದನ್ ಮೆತ್ತಗಾಗಿ, “ನಮ್ ಎಂಜಿನಿಯರುಗಳ ಹತ್ರ ನಿಮ್ ‘ಕದ’ಕ್ಕೆ ಚೆಂದದ ಬಟನ್ ಹಾಕಿಸಿ, ಒಂದೇ ಸಲಕ್ಕೆ ಮುಗಿಯೋ ಹಾಗೆ ಮಾಡಿಸಿಕೊಡ್ಲಾ ಮೇಡಂ?” ಎಂದರು.

ರುದ್ರಾಣಿ ಚೀಲವನ್ನು ಕಂಕುಳಿಗೆ ಸೇರಿಸಿದರು.

“ಬೇಡಪ್ಪಾ. ಅವಸರದೋರ ಕೈಗೆ ನಾನು ಕದ ಕೊಡಲ್ಲ. ಕೂಗೋಕೆ ನಮ್ ಮನೆಯವರಿಗೆ ಗಂಟಲಿದೆ, ಗೊತ್ತಾಯ್ತಾ?”