ಗಟ್ಟಿ ಮಾಮನ ಗಾಳಿ

ಅಣ್ಣನಿಗೆ ಎದುರಾಡುವುದಿಲ್ಲ ಎಂದು ಅಮ್ಮನ ಕೈ ಹಿಡಿದು ಮಾತು ಕೊಟ್ಟಾಗ ನನ್ನ ಮಗಳಿನ್ನೂ ತೊಟ್ಟಿಲಲ್ಲಿದ್ದಳು. ಅಮ್ಮ ಹಾಸಿಗೆ ಹಿಡಿದಿದ್ದಳು, ನನ್ನ ಗಂಡ ಬಿಟ್ಟುಹೋಗಿದ್ದ, ನಮಗೆ ದಿಕ್ಕೆಂದು ಇದ್ದದ್ದು ಅಣ್ಣನೊಬ್ಬನೇ. ಅದೇನೂ ದೊಡ್ಡ ಮಾತು ಅನ್ನಿಸಿರಲಿಲ್ಲ.

ಮಗಳು ಅವನನ್ನು ಗಟ್ಟಿ ಮಾಮ ಎನ್ನುತ್ತಾಳೆ, ಎದುರಿಗೇ. ಅವನಿಗೆ ಎಲ್ಲವೂ ಗಟ್ಟಿಯಿರಬೇಕು. ಚಹಾ ಗಟ್ಟಿ, ಹಾಸಿಗೆ ಗಟ್ಟಿ, ದನಿಯಂತೂ ಪಕ್ಕದ ಬೀದಿಗೆ ಕೇಳುವಷ್ಟು ಗಟ್ಟಿ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಬೆ ಕುಡಿದು ದುಡಿದು ಕೊಂಡ ಹಳೆಯ ಕಾರಿನ ಟೈರೂ ಗಟ್ಟಿಯಿರಬೇಕು. ಮನೆಗೆ ಬಂದನೆಂದರೆ ಮೊದಲು ಹೆಬ್ಬೆರಳಿನಿಂದ ಟೈರು ಒತ್ತಿ ನೋಡುತ್ತಾನೆ, ಆಮೇಲೆ ಪೆಟ್ರೋಲ್ ಬಂಕಿಗೆ ಒಯ್ದು ನಲವತ್ತನಾಲ್ಕು ಪೌಂಡ್ ಒತ್ತಡಕ್ಕೆ ಗಾಳಿ ತುಂಬಿಸುತ್ತಾನೆ.

"ಟೈರಿನ ಮೇಲೇ ಅಚ್ಚು ಹಾಕಿದ್ದಾರೆ, ನಲವತ್ತನಾಲ್ಕು ಅಂತ. ಮಾಡಿದೋರೇನು ದಡ್ಡರಾ?"

ಹಳ್ಳ ಸಿಕ್ಕಲ್ಲೆಲ್ಲ ಕಾರು ಕುಪ್ಪಳಿಸುತ್ತಿತ್ತು. ಬೆನ್ನು ನೋಯುತ್ತದೆ ಎಂದರೆ, "ಮೆತ್ತಗಿದ್ರೆ ಸಾಗಲ್ಲಮ್ಮ" ಎನ್ನುತ್ತಿದ್ದ. ಟೈರಿನ ಬಗ್ಗೆಯೋ ನನ್ನ ಬಗ್ಗೆಯೋ, ನಾನು ಕೇಳುತ್ತಿರಲಿಲ್ಲ.

ಮಗಳು ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿಗೆ ಸೇರಿದ್ದಾಳೆ. ಮೊದಲ ಬಸ್ಸು ಹೊರಡುವ ಹೊತ್ತಿಗೆ ಅವಳ ಪಾಳಿ ಶುರುವಾಗಿರುತ್ತದೆ; ಕಾರಿಲ್ಲದಿದ್ದರೆ ತರಬೇತಿಯೂ ಇಲ್ಲ. ಲೈಸೆನ್ಸ್ ಸಿಕ್ಕಮೇಲೆ ತಾನೇ ಓಡಿಸಿಕೊಂಡು ಹೋಗುತ್ತಿದ್ದಳು. ಮೊನ್ನೆ ಮಳೆಯಲ್ಲಿ ಇಳಿಜಾರಿನ ತಿರುವಿನಲ್ಲಿ ಬ್ರೇಕು ಒತ್ತಿದರೆ ಕಾರು ನಿಲ್ಲದೆ ಜಾರಿ ಗೋಡೆಗೆ ತಾಗಿತು. ಅವಳಿಗೇನೂ ಆಗಲಿಲ್ಲ. ಮುಂದಿನ ಒಂದು ದೀಪ ಒಡೆಯಿತು.

ಸುದ್ದಿ ಕೇಳಿ ಬಂದ ಅಣ್ಣ ಕೀ ಎತ್ತಿ ಜೇಬಿಗೆ ಹಾಕಿಕೊಂಡ. "ಹುಡುಗಿಗೆ ಕೈ ಇನ್ನೂ ಕೂತಿಲ್ಲ. ಸದ್ಯಕ್ಕೆ ಕಾರು ಮುಟ್ಟೋದು ಬೇಡ."

"ನಿಧಾನಕ್ಕೇ ಹೋಗ್ತಿದ್ದೆ ಮಾಮ."

"ನಿಧಾನಕ್ಕೆ ಹೋಗಿ ಗೋಡೆಯ ಯೋಗಕ್ಷೇಮ ವಿಚಾರಿಸ್ಕೊಂಡು ಬಂದ್ಯಾ?"

"ನಂಗೆ ಬರಲ್ಲ ಬಿಡಮ್ಮ, ತರಬೇತಿ ಬಿಟ್ಬಿಡ್ತೀನಿ" ಎಂದು ಒಳಗೆ ಹೋದಳು.

ಮರುದಿನ, ಒಡೆದ ದೀಪದಿಂದ ಅಂಗಳದಲ್ಲಿ ಉದುರಿದ್ದ ಗಾಜಿನ ಚೂರು ಗುಡಿಸಲು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಾಗ ಟೈರು ಕಣ್ಣಿಗೆ ಬಿತ್ತು. ಎರಡೂ ಅಂಚಿನಲ್ಲಿ ಗೀರುಗಳು ಆಳವಾಗಿವೆ, ನಡುವೆ ಮಾತ್ರ ಸವೆದು ಬೋಳು. ಲಾಂಡ್ರಿಯ ಇಸ್ತ್ರಿ ರೋಲರಿಗೂ ಹೀಗೇ ಆಗುತ್ತದೆ. ಅದಕ್ಕೆ ಸುತ್ತಿದ ಬಟ್ಟೆಯ ಹೊದಿಕೆ ನಡುವೆ ಉಬ್ಬಿದರೆ ಅಲ್ಲಷ್ಟೇ ಒತ್ತಡ ಬಿದ್ದು ಅಲ್ಲೇ ನವೆಯುತ್ತದೆ. ಕಾರಿಗೆ ಬೀಗ ಹಾಕಿರಲಿಲ್ಲ. ಡ್ರೈವರ್ ಕಡೆಯ ಬಾಗಿಲು ತೆರೆದೆ. ಬಾಗಿಲ ಚೌಕಟ್ಟಿನ ಮೇಲೆ ಕಾರು ಕಂಪನಿಯ ಸ್ಟಿಕ್ಕರ್: ನಾಲ್ಕೂ ಟೈರಿಗೆ ಮೂವತ್ತೆರಡು, ಟೈರು ತಣ್ಣಗಿರುವಾಗ. ತಿರುಗಿ ಬಂದು ಟೈರಿನ ಬರಹ ಓದಿದೆ. ನಲವತ್ತನಾಲ್ಕರ ಪಕ್ಕದಲ್ಲೇ 'ಮ್ಯಾಕ್ಸ್' ಎಂದು ಪುಟ್ಟದಾಗಿ ಇತ್ತು. ಟೈರು ಎಷ್ಟು ತಾಳಬಲ್ಲದು ಎಂಬ ಲೆಕ್ಕ ಅದು, ಈ ಕಾರಿಗೆ ಎಷ್ಟು ಬೇಕು ಎಂಬುದಲ್ಲ.

ಅಷ್ಟರಲ್ಲಿ ಅಣ್ಣ ಬಂದ. ದೀಪ ಹಾಕಿಸಲು ಕಾರು ಒಯ್ಯಬೇಕಿತ್ತಂತೆ.

"ಹಾಗೇ ಗಾಳಿನೂ ತುಂಬಿಸ್ಕೊಂಡು ಬರ್ತೀನಿ."

"ಬೇಡ," ಎಂದೆ.

ಅವನಿಗೆ ಕೇಳಿಸಲೇ ಇಲ್ಲವೇನೋ, ಬಾಗಿಲಿಗೆ ಕೈ ಹಾಕಿದ. ನಾನು ಅಡ್ಡ ನಿಂತೆ. ಮಗಳನ್ನು ಕರೆದು ಸ್ಟಿಕ್ಕರ್ ಓದಿಸಿದೆ, ಬೋಳು ಟೈರು ತೋರಿಸಿದೆ. ಉಬ್ಬಿದ ಟೈರು ನೆಲಕ್ಕೆ ಪೂರ್ತಿ ಊರದು, ಒದ್ದೆ ರಸ್ತೆಯಲ್ಲಿ ಹಿಡಿತ ಎಲ್ಲಿಂದ ಬರಬೇಕು ಎಂದೆ.

ಮಗಳು ಬಗ್ಗಿ ನೋಡಿದಳು, ಎದ್ದಳು. "ಅಂದ್ರೆ ನನ್ನ ಕೈ ಅಲ್ಲ. ಮಾಮನ ಗಾಳಿ."

"ಇಷ್ಟು ವರ್ಷ ನಾನು ಹಾಕಿಸಿದ್ದು ತಪ್ಪಾ ಹಾಗಾದ್ರೆ?" ಅಣ್ಣ ಕೇಳಿದ್ದು ಅವಳನ್ನಲ್ಲ, ನನ್ನನ್ನು.

"ತಪ್ಪು."

"ಅಮ್ಮನ ಹತ್ರ ಏನು ಹೇಳಿದ್ದೆ, ನೆನಪಿದೆಯಾ?"

"ನೆನಪಿದೆ ಅಣ್ಣ. ಟೈರು ನಾನೇ ಬದಲಾಯಿಸ್ತೀನಿ. ಹೊಸದಕ್ಕೂ ಮೂವತ್ತೆರಡೇ. ನಾಳಿದ್ದಿಂದ ಅವಳೇ ಓಡಿಸ್ಕೊಂಡು ಹೋಗ್ತಾಳೆ. ಕೀ ಕೊಡು."

ಅವನು ನನ್ನ ಮುಖವನ್ನೇ ನೋಡಿದ. ನಾನು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಜೇಬಿನಿಂದ ಕೀ ತೆಗೆದು ಕೊಟ್ಟ. ನಾನದನ್ನು ಮಗಳಿಗೆ ಕೊಟ್ಟೆ.

ಅಮ್ಮನಿಗೆ ಕೊಟ್ಟ ಮಾತನ್ನು ನಾನು ಮುರಿದೆ.