ಅಂಪೈರ್ ಕಂಡಿದ್ದೆಷ್ಟು

ನನ್ನ ಅಣ್ಣ ಶ್ರೀಧರ ಗಡಿಯ ಕಾರ್ಯಾಚರಣೆಯಲ್ಲಿ ನಿರಾಯುಧನೊಬ್ಬನನ್ನು ಗುಂಡಿಕ್ಕಿ ಕೊಂದನೆಂಬ ಆರೋಪದ ಮೇಲೆ ಸೇನೆಯ ವಿಚಾರಣೆ ನಡೆಯುತ್ತಿದೆ. ತೀರ್ಪು ಇನ್ನೂ ಬಂದಿಲ್ಲ. ಅಷ್ಟು ಕಾಯುವ ತಾಳ್ಮೆ ನಮ್ಮೂರಿಗೆಲ್ಲಿದೆ? ಟೀವಿಯಲ್ಲಿ ಫೋಟೋ ಬಂದ ಮರುದಿನವೇ ಆಟಗಾರರನ್ನು ಆರಿಸುವ ಬೀರಪ್ಪ ಮಾವ ನಮ್ಮೂರು ಮಂಕಿಯ ಕಬಡ್ಡಿ ತಂಡದಿಂದ ಅವನ ಹೆಸರು ಹೊಡೆದುಹಾಕಿದರು. "ಕೊಲೆ ಮಾಡ್ದವ್ನ ಆಡ್ಸುಕಾಗುದಿಲ್ಲ" ಎಂದರು. ರಜೆಯಲ್ಲಿ ಬಂದಿದ್ದ ಅಣ್ಣ ಫೈನಲ್ ದಿನ ಅಮ್ಮನ ಪಕ್ಕ ಸುಮ್ಮನೆ ಕುಳಿತು ಆಟ ನೋಡುತ್ತಿದ್ದ.

ಮಾವಳ್ಳಿಯವರಿಗೂ ನಮಗೂ ಅಂಕ ಸಮ, ಉಳಿದದ್ದು ಕೊನೆಯ ರೈಡ್. ಅವರ ಆಟಗಾರ ನುಗ್ಗಿ ಬಂದು ನಮ್ಮವನೊಬ್ಬನನ್ನು ಮುಟ್ಟಿ, ಅಂಚಿನ ಗೆರೆಗುಂಟ ಮರಳು ಹಾರಿಸುತ್ತ ಓಡಿ ಮಧ್ಯಗೆರೆ ದಾಟಿದ. ಅವನ ಕಾಲು ಅಂಚಿನಾಚೆ ಬಿದ್ದಿದ್ದರೆ ಗೆಲುವು ನಮ್ಮದು. ಇಡೀ ಮಂಕಿ ಎದ್ದು ನಿಂತು "ಔಟ್, ಔಟ್" ಎಂದು ಕೂಗಿತು. ನನಗೆ ಗೆರೆಯೇ ಕಂಡಿರಲಿಲ್ಲ, ಆದರೂ ಗಂಟಲು ಹರಿಯುವಂತೆ ಕೂಗಿದೆ.

ಅಂಪೈರ್ ಆಗಿದ್ದವರೂ ಬೀರಪ್ಪ ಮಾವನೇ. ಅವರು ಕೈಯೆತ್ತಿ ಜನರನ್ನು ಸುಮ್ಮನಾಗಿಸಿದರು.

"ನಾನ್ ಕಂಡಿಲ್ಲ. ನಮ್ಮೂರೇ ಸೋತ್ರೂ ಅಡ್ಡಿಲ್ಲ, ಕಾಣ್ದೆ ಔಟ್ ಕೊಡುಕಾಗುದಿಲ್ಲ."

ಮಾವಳ್ಳಿಯವರು ಕುಣಿದಾಡಿದರು. ನ್ಯಾಯ ಅಂದರೆ ಇದು ಎಂದು ಸೋತ ನಮ್ಮವರೂ ಚಪ್ಪಾಳೆ ತಟ್ಟಿದರು.

ಸೆರಗು ಹಿಡಿದು ಜಗ್ಗಿದ ಅಣ್ಣನ ಕೈ ಕೊಡವಿ ಅಮ್ಮ ಎದ್ದಳು. ನೇರ ಅಂಕಣದ ನಡುವೆ ಹೋಗಿ ನಿಂತಳು.

"ನ್ಯಾಯ ಆತು ಬೀರಪ್ಪಣ್ಣ," ಎಂದಳು. "ಹಂಗಾರೆ ನನ್ನ ಮಗನ ಹೆಸ್ರು ಹೊಡ್ದೆಯಲ್ಲ, ಗಡಿಲಿ ನೀನು ಯಾವ ಗೆರೆ ಹತ್ರ ನಿಂತ್ಕಂಡು ಕಂಡಿದ್ದೆ?"