ಇಳಿಜಾರಿನಲ್ಲಿ ಗೇರು ತೆಗೆದ ದರ್ಜಿ

ಇಳಿಜಾರು ಬಂದೊಡನೆ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, "ನೋಡಿ, ಪೆಟ್ರೋಲ್ ಉಳೀತು" ಎಂದು ಬೀಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಈ ದರ್ಜಿಯೂ ಅಂಥವನೇ.

ಬೇಸಿಗೆ ರಜೆ. ಅಂಗಡಿಯ ಬಾಗಿಲಿಗೆ "ನಾಲ್ಕು ದಿನ ರಜ" ಎಂಬ ಚೀಟಿ ಅಂಟಿಸಿ, ಹೆಂಡತಿಯನ್ನೂ ಎಂಟು ವರ್ಷದ ಮಗಳನ್ನೂ, ಶಾಲೆಯ ಬಸ್ಸು ಓಡಿಸುವ ತನ್ನ ಅಕ್ಕನನ್ನೂ ಕಾರಿನಲ್ಲಿ ಕೂರಿಸಿಕೊಂಡು ಅವನು ಬೆಟ್ಟದ ದಾರಿ ಹಿಡಿದಿದ್ದ. ಹತ್ತುವಾಗ ಎಲ್ಲವೂ ಸೊಗಸಾಗಿತ್ತು. ಕೆಳಗಿನ ಕೆರೆ ಮೊದಲು ತಟ್ಟೆಯಷ್ಟು, ಆಮೇಲೆ ಅಂಗಿಯ ಗುಂಡಿಯಷ್ಟು ಕಂಡಿತು. ನೆತ್ತಿ ದಾಟಿ ಇಳಿಯತೊಡಗಿದಾಗ ದರ್ಜಿ ಗೇರು ತೆಗೆದ.

"ಲೋ, ಗೇರಿಗೆ ಹಾಕೋ," ಎಂದಳು ಪಕ್ಕದಲ್ಲಿದ್ದ ಅಕ್ಕ.

"ಅಯ್ಯೋ ಅಕ್ಕಾ, ತಾನಾಗೇ ಓಡೋ ಗಾಡಿಗೆ ಗೇರ್ ಯಾಕೆ? ಹೊಲಿಗೆ ಮಿಷನ್ನೂ ಹಾಗೇ. ಕಾಲು ತೆಗೆದ್ರೂ ಚಕ್ರ ಎರಡು ಸುತ್ತು ತಿರುಗತ್ತೆ. ಆ ಓಟ ಬಿಟ್ಟಿ!"

"ಮಿಷನ್ನು ಬೆಟ್ಟ ಇಳಿಯಲ್ಲ ಕಣೋ."

"ನೀನು ಬಸ್ಸಿನೋಳು, ಇದು ಕಾರು. ಬ್ರೇಕ್ ಇರೋದು ಮತ್ಯಾಕೆ?"

ತಿಳಿದವರ ಮಾತನ್ನು ತಮಾಷೆಯಲ್ಲಿ ತೇಲಿಸಿಬಿಡುವುದು ಎಷ್ಟು ಸುಲಭ! ಹಿಂದೆ ಮಗು ಕೂತಿರುವಾಗಲೂ ಅದು ಸುಲಭವೆನಿಸುವುದು ನಾಚಿಕೆಗೇಡು.

ಏಳೆಂಟು ತಿರುವು ಇಳಿದಿರಬಹುದು. "ರೀ, ಏನೋ ಸುಟ್ಟ ವಾಸನೆ," ಎಂದಳು ಹೆಂಡತಿ.

"ಯಾರೋ ಕಸ ಸುಡ್ತಿರಬೇಕು."

ಮುಂದಿನ ತಿರುವಿನಲ್ಲಿ ಬ್ರೇಕ್ ತುಳಿದ. ಪೆಡಲ್ ಮೆತ್ತಗೆ ತಳದವರೆಗೂ ಹೋಯಿತು. ಗಾಡಿ ಮಾತ್ರ ನಿಧಾನವಾಗಲಿಲ್ಲ.

"ಅಕ್ಕಾ..."

ಅಕ್ಕ ದನಿ ಏರಿಸಲಿಲ್ಲ. "ರಸ್ತೆ ನೋಡು. ಕ್ಲಚ್ ಒತ್ತು, ಮೂರನೇ ಗೇರು ಹಾಕು. ಕ್ಲಚ್ ನಿಧಾನಕ್ಕೆ ಬಿಡು. ಹ್ಞಾಂ. ಈಗ ಎರಡು."

ಎಂಜಿನ್ ಗುರ್ರೆಂದಿತು. ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತೆ ಗಾಡಿಯ ವೇಗ ತಗ್ಗಿತು. ಬೆಟ್ಟದ ಬದಿಯ ಅಗಲ ಜಾಗ ಬಂದಾಗ ಅಕ್ಕ ಕೈಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆದು ನಿಲ್ಲಿಸಿದಳು.

ಚಕ್ರಗಳಲ್ಲಿ ಹೊಗೆ. ದರ್ಜಿ ನೀರಿನ ಬಾಟಲಿ ಹಿಡಿದು ಧಾವಿಸಿದ.

"ನೀರು ಹಾಕ್ಬೇಡ!" ಅಕ್ಕ ತಡೆದಳು. "ಕಾದ ಕಬ್ಬಿಣ ಬಿರುಕು ಬಿಡತ್ತೆ. ತಾನಾಗೇ ಆರಲಿ, ಬಾ ಕೂತ್ಕೋ. ಬಾಬಿನ್ನಿಗೆ ದಾರ ಸುತ್ತುವಾಗ ಮಿಷನ್ನಿನ ಚಕ್ರದ ತಿರುಪು ಸಡಿಲಿಸ್ತೀಯಲ್ಲ, ಆಗ ಏನಾಗತ್ತೆ?"

"ಚಕ್ರ ತಿರುಗತ್ತೆ, ಸೂಜಿ ಆಡಲ್ಲ. ಎರಡಕ್ಕೂ ಸಂಬಂಧ ತಪ್ಪಿರತ್ತೆ."

"ನ್ಯೂಟ್ರಲ್ ಅಂದ್ರೂ ಅದೇ. ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ತಪ್ಪಿತು. ಗಾಡಿಯ ಭಾರವೆಲ್ಲ ಬ್ರೇಕ್ ಒಂದೇ ಹೊರಬೇಕು. ಅದು ಕಾದು ಸೋಲತ್ತೆ. ಗೇರಿನಲ್ಲಿದ್ರೆ ಎಂಜಿನ್ನೂ ಗಾಡೀನ ಹಿಡ್ಕೊಳ್ಳತ್ತೆ."

"ಮತ್ತೆ ಪೆಟ್ರೋಲು?"

"ಈಗಿನ ಕಾರುಗಳು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ರೆ ಪೆಟ್ರೋಲ್ ಕುಡಿಯೋದೇ ಇಲ್ಲ. ನ್ಯೂಟ್ರಲ್‌ನಲ್ಲೇ ಕುಡಿಯೋದು. ನೀನು ಉಳಿಸಿದ್ದು ಏನೂ ಇಲ್ಲ, ಜಾಣ."

ಮಗಳು ಅಪ್ಪನ ಮುಖ ನೋಡಿದಳು. "ಅಪ್ಪಾ, ಅತ್ತೆ ಮೊದಲೇ ಹೇಳಿದ್ರಲ್ಲ?"

ಅವನು ನೀರಿನ ಬಾಟಲಿಯ ಮುಚ್ಚಳ ಬಿಗಿದು ಅವಳ ಕೈಗಿತ್ತ.

ಬ್ರೇಕು ಪೂರ್ತಿ ಆರಿ, ಪೆಡಲ್ ಮತ್ತೆ ಗಟ್ಟಿಯಾದ ಮೇಲೆ ಎರಡನೇ ಗೇರಿನಲ್ಲಿ ಹೊರಟರು. ಹಿಂದಿನ ಗಾಡಿಗಳು ಒಂದೇ ಸಮನೆ ಹಾರನ್ ಹೊಡೆದವು.

"ಹೊಡೀಲಿ ಬಿಡಿ," ಎಂದಳು ಹೆಂಡತಿ. ದರ್ಜಿ ಬದಿಗೆ ಸರಿದು ದಾರಿ ಬಿಟ್ಟ. ಕೆಳಗಿನ ಮೊದಲ ಗ್ಯಾರೇಜಿನಲ್ಲಿ ಬ್ರೇಕು ತೋರಿಸದೆ ಮುಂದಕ್ಕೆ ಹೋಗಲಿಲ್ಲ.

ಓದುವವರೇ, ಬೆಟ್ಟ ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ, ಬೇಕಾದಾಗ ಒತ್ತಿ ಬಿಡಿ. ಸುಟ್ಟ ವಾಸನೆ ಬಂದರೆ ನೆಪ ಹುಡುಕದೆ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಹಿಂದಿನ ಸೀಟಿನವರು ರಸ್ತೆ ನೋಡುತ್ತಿರುವುದಿಲ್ಲ. ನಿಮ್ಮನ್ನು ನಂಬಿ ಕಣಿವೆ ನೋಡುತ್ತಿರುತ್ತಾರೆ. ಆ ನಂಬಿಕೆಗೆ ದ್ರೋಹ ಬಗೆಯುವ ಹಕ್ಕು ನಿಮಗಿಲ್ಲ.